ಉರಿಯುವದು ಯಾರ ಬಣವೆ?

(ಧ್ಯಾನಕ್ಕೆ: ನೆಹೆಮೀಯನ ಗ್ರಂಥದ 3 ಮತ್ತು 4ನೆಯ ಅಧ್ಯಾಯಗಳು)



ಕಮಲಾಪುರದ ಸೀಮೆಯಲ್ಲಿ ಬೇಸಿಗೆಯು ಎಂಥದೆಂದು ನಾನು ನಿಮಗೆ ಹೇಳಬೇಕಾದದ್ದಿಲ್ಲ. ಶಿವರಾತ್ರಿ ಕಳೆಯಿತೆಂದರೆ ಕರೀ ನೆಲವು ಬಾಯಿ ಬಿಡುವದು. ಕೆಂಪು ಬಾಳೆಯ ತೋಟಗಳಿರುವ ತಗ್ಗುಗಳನ್ನು ಬಿಟ್ಟರೆ ಕಣ್ಣಿಗೆ ಹಸುರು ಕಾಣದು. ತೊಗರಿಯ ರಾಶಿ ಮುಗಿದು ಒಣಗಿದ ಕಟ್ಟಿಗೆಯು ಅಂಗಳಗಳಲ್ಲಿ ಒಟ್ಟಿರುವದು. ಜೋಳದ ಕಣಿಕೆಯ ಬಣವೆಗಳು ಊರ ಅಂಚಿನಲ್ಲಿ ಸಾಲಾಗಿ ನಿಂತಿರುವವು. ಎತ್ತು ಎಮ್ಮೆಗಳು ಮುಂದಿನ ಮಳೆಗಾಲದ ವರೆಗೆ ತಿನ್ನತಕ್ಕ ಮೇವೆಲ್ಲಾ ಆ ಬಣವೆಯಲ್ಲಿಯೇ ಅದೆ. ಅದು ಬೂದಿಯಾದರೆ ರೈತನು ಎತ್ತುಗಳನ್ನು ಸಿಕ್ಕ ಬೆಲೆಗೆ ಮಾರಬೇಕಾಗುವದು. ಎತ್ತುಗಳು ಹೋದರೆ ಹೊಲವನ್ನು ಬೇರೆಯವರ ಪಾಲಿಗೆ ಕೊಡಬೇಕಾಗುವದು.

ಅಂಥ ಒಂದು ಬೇಸಿಗೆಯ ಮಧ್ಯಾಹ್ನದಲ್ಲಿ ನಾನು ಆ ಕಡೆಯ ಒಂದು ಹಳ್ಳಿಯ ಸಭೆಯನ್ನು ನೋಡಲು ಹೋಗಿದ್ದೆನು. ಊರ ಮೇಲುಗಡೆ ಹೊಗೆಯು ಎದ್ದಿತು. ನಮ್ಮ ಕೇರಿಯವರು ಕೊಡಗಳನ್ನು ಹಿಡಿದುಕೊಂಡು ಹೊರಟರು. ನಾನೂ ಒಂದು ಕೊಡವನ್ನು ತಕ್ಕೊಂಡೆನು. ದಾರಿಯಲ್ಲಿ ಒಬ್ಬನು, "ಉರಿಯುವದು ಯಾರ ಬಣವೆ?" ಎಂದು ಕೇಳಿದನು. ಇನ್ನೊಬ್ಬನು ಒಂದು ಮನೆತನದ ಹೆಸರನ್ನು ಹೇಳಿದನು. ಆ ಹೆಸರು ನಮ್ಮ ಕಿವಿಗೆ ಬಿದ್ದ ಕೂಡಲೆ ನಮ್ಮ ಕಾಲುಗಳು ನಿಧಾನವಾದವು. ಯಾಕಂದರೆ ನಮ್ಮ ಹಿರಿಯರು ಆ ಮನೆಯವರ ಬಾವಿಯ ಬಳಿಯಲ್ಲಿ ಹಗ್ಗವನ್ನು ಮುಟ್ಟಲಾರದೆ, ಯಾರಾದರೂ ಎತ್ತಿ ಹೊಯ್ಯಲಿ ಎಂದು ಬಿಸಿಲಿನಲ್ಲಿ ಕಾಯುತ್ತಾ ನಿಂತವರು. ನಾನು ಸಭೆಯಲ್ಲಿ ಉಪದೇಶ ಮಾಡುವವನಾಗಿದ್ದರೂ ಎಲ್ಲರಿಗಿಂತ ಮೊದಲು ನಿಂತವನು ನಾನೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಕೊಡವು ಕೈಯಲ್ಲಿದ್ದರೂ ನೋಡುವವರ ಗುಂಪಿನಲ್ಲಿ ಒಬ್ಬನಾಗಿ ನಿಂತೆನು.

ಆಗ ಒಬ್ಬ ಯೌವನಸ್ಥನು ನಮ್ಮ ನಡುವಿನಿಂದ ಓಡಿಹೋದನು. ಅವನು ನಮ್ಮ ಸಭೆಯವನು, ಕಸುಬಿನಿಂದ ಗೌಂಡಿ. ಕಲಬುರಗಿಯಲ್ಲಿ ಮನೆಗಳನ್ನು ಕಟ್ಟುವ ಕೆಲಸಕ್ಕೆ ಹೋಗುತ್ತಾನೆ. ಅದರ ಜೊತೆಗೆ ಗೃಹರಕ್ಷಕ ದಳದಲ್ಲಿಯೂ ಸೇರಿದ್ದಾನೆ. ಅವನು ಮಾಡಿದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಉರಿಯುವ ಬಣವೆಗೆ ಒಂದು ತಂಬಿಗೆಯಷ್ಟು ನೀರನ್ನಾದರೂ ಅವನು ಹಾಕಲಿಲ್ಲ. ಗಾಳಿಯು ಯಾವ ಕಡೆಗೆ ಬೀಸುವದೆಂದು ನೋಡಿ, ಆ ಕಡೆಯಲ್ಲಿದ್ದ ಎರಡನೆಯ ಬಣವೆಯ ಬಳಿಗೆ ಹೋಗಿ, "ಅದು ಹೋಯಿತು, ಅದನ್ನು ಬಿಡಿರಿ, ಇದನ್ನು ಉಳಿಸೋಣ" ಎಂದು ಕೂಗಿದನು. ಗೋಣಿಚೀಲಗಳನ್ನು ನೆನೆಯಿಸಿ ಬಣವೆಯ ಮೇಲೆ ಹೊದಿಸಿದನು. ಬೇವಿನ ಹಸೀ ಕೊಂಬೆಗಳನ್ನು ಹುಡುಗರ ಕೈಗೆ ಕೊಟ್ಟು ಹಾರಿ ಬೀಳುವ ಕಿಡಿಗಳನ್ನು ಬಡಿಯಲು ಹೇಳಿದನು. ಒಂದು ಟ್ರ್ಯಾಕ್ಟರನ್ನು ತರಿಸಿ ನಡುವಿನ ನೆಲವನ್ನು ಉಳಿಸಿದನು. ಒಂದು ಬಣವೆ ಬೆಂದಿತು; ನಾಲ್ಕು ಉಳಿದವು. ಅಗ್ನಿಶಾಮಕ ವಾಹನವು ಬಂದು ಉಳಿದ ಕೆಂಡವನ್ನು ಆರಿಸಿತು.

ಪ್ರಿಯರೇ, ಈ ಯೌವನಸ್ಥನ ವಿಷಯವಾಗಿಯೇ ಈ ತಿಂಗಳು ನಿಮ್ಮ ಸಂಗಡ ಮಾತಾಡುತ್ತೇನೆ. ಅಂದರೆ, ಹೊಟ್ಟೆಯ ಪಾಡಿಗೆ ಒಂದು ಕಸುಬನ್ನು ಮಾಡುತ್ತಾ, ಅದರ ಜೊತೆಯಲ್ಲಿ ನೆರೆಯವರ ಬೆಂಕಿಯನ್ನು ಆರಿಸುವದಕ್ಕೆ ತನ್ನನ್ನು ಸಿದ್ಧಪಡಿಸಿಕೊಳ್ಳುವವನ ವಿಷಯವಾಗಿ.

ಇದು ಹೊಸ ಸಂಗತಿಯಲ್ಲ. ನೆಹೆಮೀಯನು ಅರಸನ ಪಾನದಾಯಕನಾಗಿದ್ದನು. ಯೆರೂಸಲೇಮಿನ ಗೋಡೆಯು ಕೆಡವಲ್ಪಟ್ಟು ಬಾಗಲುಗಳು ಸುಟ್ಟುಹೋಗಿವೆ ಎಂದು ಕೇಳಿ ಅವನು ಹೊರಟನು. ಅವನ ಸಂಗಡ ಗೋಡೆಯನ್ನು ಕಟ್ಟಿದವರ ಪಟ್ಟಿಯನ್ನು ಓದಿ ನೋಡಿರಿ. ಅವರಲ್ಲಿ ಅಕ್ಕಸಾಲಿಗನಿದ್ದಾನೆ, ಸುಗಂಧದ್ರವ್ಯವನ್ನು ಮಾಡುವವನಿದ್ದಾನೆ, ವ್ಯಾಪಾರಿಗಳಿದ್ದಾರೆ; ಒಬ್ಬನು ತನ್ನ ಹೆಣ್ಣುಮಕ್ಕಳ ಸಂಗಡ ಬಂದಿದ್ದಾನೆ. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವದ ಶ್ರೀಮಂತರು ಮಾತ್ರ ಆ ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂದು ಅಲ್ಲಿ ಬರೆದದೆ. ಶತ್ರುಗಳ ಬೆದರಿಕೆಯು ಹೆಚ್ಚಿದಾಗ ಅವರು ಒಂದು ಕೈಯಿಂದ ಕೆಲಸ ಮಾಡಿ, ಇನ್ನೊಂದರಲ್ಲಿ ಆಯುಧವನ್ನು ಹಿಡಿದರು. ಗೋಡೆಯು ಉದ್ದವಾದದ್ದು, ಜನರು ಚದರಿದವರು. ಆದಕಾರಣ ಕೊಂಬಿನ ಧ್ವನಿಯು ಎಲ್ಲಿ ಕೇಳಿಬರುವದೋ ಅಲ್ಲಿಗೆ ಎಲ್ಲರೂ ಕೂಡಿಬರಬೇಕೆಂದು ನೇಮವಾಯಿತು. ಹೀಗೆ 52 ದಿವಸಗಳಲ್ಲಿ ಗೋಡೆಯು ಮುಗಿಯಿತು. ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯಬಹುದು.

ಮೊದಲನೆಯದಾಗಿ, ಕೊಂಬಿನ ಧ್ವನಿ ಕೇಳಿದಾಗ ಹತ್ತಿರದಲ್ಲಿದ್ದವನೇ ಮೊದಲು ಬರತಕ್ಕವನು.

ಕೆಲವರು, "ಬೆಂಕಿಯನ್ನು ಆರಿಸುವದು ಸರಕಾರದ ಕೆಲಸ, ಅದಕ್ಕೆ ಸಂಬಳದವರು ಇದ್ದಾರೆ" ಎಂದು ಹೇಳುವರು. ಹೌದು, ಇದ್ದಾರೆ, ಅವರಿಗಾಗಿ ದೇವರಿಗೆ ಸ್ತೋತ್ರ. 1964ರ ಅಗ್ನಿಶಾಮಕ ಕಾಯಿದೆಯ ಮೇರೆಗೆ ನಮ್ಮ ರಾಜ್ಯದಲ್ಲಿ ಈ ದಳವು ನಡೆಯುತ್ತದೆ. 101 ಎಂಬ ಅಂಕೆಗಾಗಲಿ 112 ಎಂಬದಕ್ಕಾಗಲಿ ಕರೆ ಮಾಡಿದರೆ ಅವರು ಹಗಲಿರುಳೆನ್ನದೆ ಬರುವರು. ಬೆಂಕಿಯನ್ನು ಕಂಡವನು ಎಲ್ಲಾದಕ್ಕಿಂತ ಮುಂಚೆ ಮಾಡತಕ್ಕದ್ದು ಆ ಕರೆಯೇ. ಆದರೆ ವಾಹನವು ರಸ್ತೆಯ ಮೇಲೆ ಬರಬೇಕು. ಬೆಂಕಿಯಾದರೋ ರಸ್ತೆಯನ್ನು ಕಾಯುವದಿಲ್ಲ. ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಗಾಳಿ, ಕಾವು. ಮೂರೂ ಸಿಕ್ಕಿದ ಮೇಲೆ ಅದು ಒಂದೊಂದು ನಿಮಿಷಕ್ಕೂ ಬೆಳೆಯುವದು. ಮೊದಲನೆಯ ನಿಮಿಷದಲ್ಲಿ ಒಂದು ಕೊಡದ ನೀರಿಗೆ ಆರತಕ್ಕದ್ದು, ಹತ್ತನೆಯ ನಿಮಿಷದಲ್ಲಿ ಒಂದು ವಾಹನದ ನೀರಿಗೂ ಆರದೆ ಹೋಗಬಹುದು.

ಕಮಲಾಪುರದವರು ಇದನ್ನು ಕಣ್ಣಾರೆ ಕಂಡಿದ್ದಾರೆ. 2022ನೆಯ ಇಸವಿ ಜೂನ್ 3ರ ಶುಕ್ರವಾರ ಬೆಳಿಗ್ಗೆ, ಗೋವೆಯಿಂದ ಹೈದರಾಬಾದಿಗೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸು ಆ ಊರ ಬಳಿಯಲ್ಲಿ ಸರಕಿನ ವಾಹನಕ್ಕೆ ತಗಲಿ, ಸೇತುವೆಯ ಹತ್ತಿರ ಉರುಳಿ, ಉರಿ ಹತ್ತಿತು. 7 ಮಂದಿ ಬೆಂದು ಸತ್ತರು. ಅವರು ನಮ್ಮ ಊರಿನವರಲ್ಲ, ನಮ್ಮ ಭಾಷೆಯವರೆಂದೂ ಹೇಳಲಾಗದು, ದಾರಿಯಲ್ಲಿ ಹೋಗುತ್ತಿದ್ದವರು. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನೂ ದಾರಿಹೋಕನೇ ಅಲ್ಲವೇ? ನಮ್ಮ ಹಳ್ಳಿಗಳ ಮಧ್ಯದಲ್ಲಿ ಹೆದ್ದಾರಿಯು ಹಾದುಹೋಗುವ ವರೆಗೆ ಇಂಥ ಬೆಳಗು ಇನ್ನೊಮ್ಮೆ ಬಾರದೆಂದು ಯಾರು ಹೇಳಬಲ್ಲರು? ಆಗ ಹತ್ತಿರದಲ್ಲಿರುವವರು ನಾವೇ.

ಕೈಕಟ್ಟಿ ನೋಡುವ ಪಾಪವು ಹಳೆಯದು. ಕ್ರಿಸ್ತಶಕ 110ರ ಸುಮಾರಿಗೆ ಬಿಥೂನ್ಯ ಸೀಮೆಯನ್ನು ಆಳುತ್ತಿದ್ದ ಪ್ಲಿನಿ ಎಂಬ ರೋಮಾಪುರದ ಅಧಿಪತಿಯು, ಕ್ರೈಸ್ತರನ್ನು ಏನು ಮಾಡತಕ್ಕದ್ದೆಂದು ತ್ರಾಯಾನ ಚಕ್ರವರ್ತಿಗೆ ಪತ್ರ ಬರೆದು ಕೇಳಿದವನು. ಅದೇ ಪ್ಲಿನಿಯು ಇನ್ನೊಂದು ಪತ್ರವನ್ನೂ ಬರೆದನು. ನಿಕೊಮೇದ್ಯ ಪಟ್ಟಣದಲ್ಲಿ ದೊಡ್ಡ ಬೆಂಕಿ ಬಿದ್ದಿತು, ಜನರು ಸುಮ್ಮನೆ ನೋಡುತ್ತಾ ನಿಂತರು, ಊರಿನಲ್ಲಿ ನೀರೆತ್ತುವ ಯಂತ್ರವಾಗಲಿ ಒಂದು ಬಾನಿಯಾಗಲಿ ಇರಲಿಲ್ಲ, ಆದಕಾರಣ ಕಸುಬುದಾರರಾದ 150 ಮಂದಿಯನ್ನು ಕೂಡಿಸಿ ಒಂದು ದಳವನ್ನು ಮಾಡಲೋ ಎಂದು ಅದರಲ್ಲಿ ಕೇಳಿದನು. ಜನರು ಸಂಘ ಕೂಡಿದರೆ ರಾಜ್ಯಕ್ಕೆ ಅಪಾಯವೆಂದು ಹೆದರಿ ಚಕ್ರವರ್ತಿಯು ಬೇಡವೆಂದನು. ಸಲಕರಣೆಗಳನ್ನು ಇಟ್ಟು ಮನೆಯವರೂ ನೆರೆದವರೂ ಆರಿಸಿಕೊಳ್ಳಲಿ ಎಂದನು. ಆ ಕಾಲದ ವಿಶ್ವಾಸಿಗಳಿಗೆ ಕೂಡಿಬರುವದಕ್ಕೆ ಅಪ್ಪಣೆ ಇರಲಿಲ್ಲ. ನಮಗೆ ಅಪ್ಪಣೆ ಉಂಟು. ನಾವು ನೋಡುತ್ತಾ ನಿಂತರೆ ನಮಗೆ ಯಾವ ನೆವ ಉಂಟು? ಆಗಿನವರು ಬರಿಗೈಯಿಂದ ನಿಂತರು; ಈಗಿನವರು ದೂರವಾಣಿಯನ್ನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಾ ನಿಲ್ಲುತ್ತಾರೆ. ಭೇದ ಇಷ್ಟೇ.

ಬೇರೆ ದೇಶಗಳಲ್ಲಿ ಇದು ನೂರಾರು ವರುಷಗಳಿಂದ ನಡೆದು ಬಂದದೆ. ಅಮೆರಿಕದ ಫಿಲಡೆಲ್ಫಿಯದಲ್ಲಿ ಅಚ್ಚುಕೂಟವನ್ನು ನಡಿಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಎಂಬವನು 1736ರಲ್ಲಿ ನೆರೆಹೊರೆಯವರನ್ನು ಕೂಡಿಸಿ ಬೆಂಕಿಯಾರಿಸುವ ಒಂದು ಸಂಘವನ್ನು ಏರ್ಪಡಿಸಿದನು. ಒಬ್ಬೊಬ್ಬ ಸದಸ್ಯನೂ ತೊಗಲಿನ ಬಾನಿಗಳನ್ನೂ ಸಾಮಾನು ಸಾಗಿಸುವ ಚೀಲಗಳನ್ನೂ ಮನೆಯಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕಾಗಿತ್ತು. ಈ ಹೊತ್ತಿಗೂ ಜರ್ಮನಿಯಲ್ಲಿ ಸುಮಾರು 10 ಲಕ್ಷ ಮಂದಿ ರೈತರೂ ಬಡಗಿಗಳೂ ಅಂಗಡಿಯವರೂ ತಮ್ಮ ತಮ್ಮ ಕೆಲಸದ ಜೊತೆಗೆ ಊರಿನ ಬೆಂಕಿದಳದಲ್ಲಿ ಸ್ವಯಂಸೇವಕರಾಗಿದ್ದಾರೆ. ಅಲ್ಲಿ ದೊಡ್ಡ ಪಟ್ಟಣಗಳಿಗೆ ಸಂಬಳದ ದಳ, ಹಳ್ಳಿಗಳಿಗೆ ಹಳ್ಳಿಯವರೇ.

ನಮ್ಮಲ್ಲಿ ಸರಿಯಾಗಿ ಅದೇ ಏರ್ಪಾಡು ಇಲ್ಲ. ಆದರೆ ಅದಕ್ಕೆ ಹತ್ತಿರವಾದದ್ದು ಉಂಟು. ಗೃಹರಕ್ಷಕ ದಳವು 1946ರ ಡಿಸೆಂಬರ್ 6ರಂದು ಬೊಂಬಾಯಿಯಲ್ಲಿ ಹುಟ್ಟಿತು. 1962ರಲ್ಲಿ ಚೀನದ ಯುದ್ಧವಾದ ಮೇಲೆ ದೇಶದಲ್ಲೆಲ್ಲಾ ಬಲಪಡಿಸಲ್ಪಟ್ಟಿತು. ನಮ್ಮ ರಾಜ್ಯದ ಕಾಯಿದೆಯೂ ಅದೇ 1962ರದು. ಆ ದಳದ ಧ್ಯೇಯವಾಕ್ಯವು ನಿಷ್ಕಾಮ ಸೇವೆ. ಕೂಲಿಯವನೂ ಗುಮಾಸ್ತನೂ ಒಕ್ಕಲಿಗನೂ ಅಂಗಡಿಯವನೂ ತನ್ನ ಕೆಲಸವನ್ನು ಬಿಡದೆ ಇದರಲ್ಲಿ ಸೇರಬಹುದು. ಕವಾಯತು, ಬೆಂಕಿಯಾರಿಸುವದು, ಪ್ರಥಮ ಚಿಕಿತ್ಸೆ, ಆಪತ್ತಿನಲ್ಲಿ ಸಿಕ್ಕಿದವರನ್ನು ತೆಗೆಯುವದು, ಇವುಗಳನ್ನು ಕಲಿಸುವರು. ಕರೆ ಬಂದಾಗ ನೆರೆ, ಬೆಂಕಿ, ಜಾತ್ರೆ, ಉರುಸು, ಚುನಾವಣೆಗಳಲ್ಲಿ ನಿಲ್ಲಬೇಕು. ನಿಂತ ದಿವಸಕ್ಕೆ ಮಾತ್ರ ಭತ್ಯವುಂಟು. ಇದಲ್ಲದೆ 1968ರ ಕಾಯಿದೆಯ ಮೇರೆಗೆ ಪೌರರಕ್ಷಣಾ ಪಡೆಯೂ, 2016ರಲ್ಲಿ ಆರಂಭವಾದ ಆಪದಾ ಮಿತ್ರ ಎಂಬ ಶಿಕ್ಷಣವೂ ಆರಿಸಿಕೊಂಡ ಜಿಲ್ಲೆಗಳಲ್ಲಿ ಉಂಟು. ಮನಸ್ಸುಳ್ಳವರು ಕಲಬುರಗಿಯಲ್ಲಿರುವ ಗೃಹರಕ್ಷಕ ದಳದ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಲಿ.

ಎರಡನೆಯದಾಗಿ, ಕಲಿಯದೆ ಓಡುವವನು ಒಬ್ಬನ ಸಾವನ್ನು ಇಬ್ಬರ ಸಾವಾಗಿ ಮಾಡುವನು.

ಆಸಕ್ತಿಯಿದ್ದರೆ ಸಾಲದು, ತಿಳುವಳಿಕೆ ಬೇಕು. 1944ರ ಏಪ್ರಿಲ್ 14ರಂದು ಬೊಂಬಾಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿ ಹತ್ತಿಯ ಹೊರೆಗಳೂ ಸಿಡಿಮದ್ದೂ ಒಂದೇ ಕಡೆ ತುಂಬಿದ್ದವು. ಹತ್ತಿಯೆಂದರೆ ಏನೆಂದು ಕಲಬುರಗಿಯವರಿಗೆ ಗೊತ್ತು, ಎಂ.ಎಸ್.ಕೆ. ಮಿಲ್ಲಿನ ಹೆಸರು ಇನ್ನೂ ನಮ್ಮ ಬಾಯಲ್ಲಿದೆ. ಹತ್ತಿಯು ಹೊರಗೆ ಆರಿದಂತೆ ಕಂಡರೂ ಒಳಗೆ ಕೆಂಡವನ್ನು ಹಿಡಿದಿರುವದು. ಹಡಗು ಸಿಡಿದಾಗ 60ಕ್ಕೂ ಹೆಚ್ಚು ಬೆಂಕಿದಳದವರು ಸತ್ತರು. ಅವರ ಜ್ಞಾಪಕಕ್ಕಾಗಿಯೇ ಏಪ್ರಿಲ್ 14ನ್ನು ದೇಶವೆಲ್ಲಾ ಅಗ್ನಿಶಾಮಕ ದಿನವಾಗಿ ಆಚರಿಸುತ್ತದೆ. ಅವರು ಕಲಿತವರು, ಧೈರ್ಯಶಾಲಿಗಳು. ಅಂಥವರನ್ನೇ ಬೆಂಕಿಯು ಕೊಂಡುಹೋಯಿತು. ಹೀಗಿರಲಾಗಿ ಕಲಿಯದವನು ಎಷ್ಟೋ ಹೆಚ್ಚಾಗಿ ಜಾಗ್ರತೆಯುಳ್ಳವನಾಗಿರತಕ್ಕದ್ದು.

ದಳಕ್ಕೆ ಸೇರದವರೂ ಇಷ್ಟನ್ನಾದರೂ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡಲಿ. ಬಾಣಲೆಯ ಎಣ್ಣೆಗೆ ಉರಿ ಹತ್ತಿದರೆ ನೀರನ್ನು ಹಾಕಬಾರದು, ಹಾಕಿದರೆ ಉರಿಯು ಮೇಲಕ್ಕೆ ಹಾರುವದು. ಒಲೆಯನ್ನು ಆರಿಸಿ ಮುಚ್ಚಳವನ್ನು ಮುಚ್ಚತಕ್ಕದ್ದು. ಅಡಿಗೆಯ ಅನಿಲವು ಗಾಳಿಗಿಂತ ಭಾರವುಳ್ಳದ್ದು, ಸೋರಿದರೆ ನೆಲದ ಮೇಲೆ ಹರಡುವದು. ಆಗ ದೀಪದ ಗುಂಡಿಯನ್ನು ಮುಟ್ಟದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಲು ಕಿಟಿಕಿಗಳನ್ನು ತೆರೆಯತಕ್ಕದ್ದು. ವಿದ್ಯುತ್ತಿನ ಬೆಂಕಿಯಾದರೆ ಮೊದಲು ವಿದ್ಯುತ್ತನ್ನು ನಿಲ್ಲಿಸತಕ್ಕದ್ದು. ಉಟ್ಟ ಬಟ್ಟೆಗೆ ಉರಿ ಹತ್ತಿದವನು ಓಡಬಾರದು; ನೆಲದ ಮೇಲೆ ಬಿದ್ದು ಹೊರಳಬೇಕು, ನೆರೆಯವರು ಕಂಬಳಿಯನ್ನು ಹೊದಿಸಬೇಕು. ಸುಟ್ಟ ಗಾಯಕ್ಕೆ ಮಸಿ, ಮಣ್ಣು, ಹಲ್ಲಿನ ಪುಡಿ ಬೇಡ. 20 ನಿಮಿಷ ತಣ್ಣೀರನ್ನು ಹರಿಯಬಿಟ್ಟು ಆಸ್ಪತ್ರೆಗೆ ಕೊಂಡುಹೋಗತಕ್ಕದ್ದು. ಹೊಗೆ ತುಂಬಿದ ಮನೆಯಲ್ಲಿ ನೆಲಕ್ಕೆ ಹತ್ತಿ ಹರಿದಾಡಬೇಕು, ಯಾಕಂದರೆ ಉಸಿರಾಡತಕ್ಕ ಗಾಳಿಯು ಕೆಳಗೇ ಇರುವದು. ಹಾಳುಬಾವಿಯಲ್ಲಿ ಒಬ್ಬನು ಮೂರ್ಛೆಹೋದರೆ ಅವನ ಹಿಂದೆ ಇನ್ನೊಬ್ಬನು ಇಳಿಯಬಾರದು. ಅಲ್ಲಿ ಕಣ್ಣಿಗೆ ಕಾಣದ ವಿಷಗಾಳಿ ಇರಬಹುದು. ಬಣವೆಗಳನ್ನು ವಿದ್ಯುತ್ತಿನ ತಂತಿಯ ಕೆಳಗೂ ಮನೆಗಳ ಮಗ್ಗುಲಲ್ಲಿಯೂ ಹಾಕದೆ, ಒಂದಕ್ಕೊಂದು ದೂರವಾಗಿ ಹಾಕತಕ್ಕದ್ದು. ಇವು ಸಣ್ಣ ಮಾತುಗಳು. ಆದರೆ ಇವುಗಳನ್ನು ತಿಳಿಯದೆ ಸತ್ತವರು ಸಣ್ಣವರಲ್ಲ.

ಮೂರನೆಯದಾಗಿ, ಈ ಸೇವೆಗೆ ಬೆಲೆಯುಂಟು. ಅದನ್ನು ಮೊದಲೇ ಲೆಕ್ಕ ಮಾಡತಕ್ಕದ್ದು.

ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಮಾಡುವ ಕಸುಬನ್ನು ನಡಿಸಿದನು. ಸೇವೆಯ ನೆವದಿಂದ ಕಸುಬನ್ನು ಕೆಡಿಸಲಿಲ್ಲ, ಕಸುಬಿನ ನೆವದಿಂದ ಸೇವೆಯನ್ನು ಬಿಡಲಿಲ್ಲ. ನಮ್ಮ ಗೌಂಡಿಯನ್ನು ನಾನು ಕೇಳಿದಾಗ ಅವನು, ಕರೆ ಬಂದ ದಿವಸ ಮೇಸ್ತ್ರಿಯು ಕೂಲಿಯನ್ನು ಹಿಡಿಯುತ್ತಾನೆ, ಮನೆಯಲ್ಲಿ ಹೆಂಡತಿಯು ಮೌನವಾಗುತ್ತಾಳೆ ಎಂದು ಹೇಳಿದನು. ಅವಳದು ತಪ್ಪಲ್ಲ, ಬೆಂಕಿಗೆ ಹೋಗುವವನು ಹೋಗುತ್ತಾನೆ, ಹಿಂದಿರುಗುವ ವರೆಗೆ ಬಾಗಲನ್ನು ನೋಡುವವಳು ಅವಳು. ಆದಕಾರಣ ಈ ಕೆಲಸಕ್ಕೆ ಸೇರಬೇಕೆನ್ನುವವನು ಮೊದಲು ಹೆಂಡತಿಯ ಸಂಗಡ ಕೂತು ಮಾತಾಡಲಿ. ಕೆಲಸ ಕೊಡುವವನಿಗೆ ಮುಂಚಿತವಾಗಿ ತಿಳಿಸಲಿ. ಸಮವಸ್ತ್ರದ ಹೆಮ್ಮೆಗಾಗಿ ಸೇರುವವನು ಸೇರದಿರುವದೇ ಲೇಸು. ಖಾಯಂ ನೌಕರಿ ಸಿಕ್ಕೀತೆಂದು ಸೇರುವವನು ನಿರಾಶೆಯನ್ನೇ ಹೊಂದುವನು. ಇನ್ನು ಸಭೆಯ ಹಿರಿಯರಿಗೆ ಒಂದು ಮಾತು. ಒಬ್ಬನು ಎಲ್ಲರಿಗಾಗಿ ದಿನದ ಕೂಲಿಯನ್ನು ಕಳಕೊಂಡರೆ, ಎಲ್ಲರೂ ಸೇರಿ ಆ ಕೂಲಿಯನ್ನು ತುಂಬಿಕೊಡುವದು ನ್ಯಾಯವಲ್ಲವೇ? ಗೋಡೆಗೆ ಹೆಗಲು ಕೊಡದ ತೆಕೋವದ ಶ್ರೀಮಂತರ ಹೆಸರಿನ ಸಂಗಡ ನಮ್ಮ ಸಭೆಯ ಹೆಸರು ಸೇರದಿರಲಿ.

ಪ್ರಿಯರೇ, ಆ ಮಧ್ಯಾಹ್ನದ ಕಥೆಯನ್ನು ಇನ್ನೂ ಮುಗಿಸಲಿಲ್ಲ. ಬೆಂಕಿಯು ಆರಿದ ಮೇಲೆ ನಮ್ಮ ಗೌಂಡಿಯು ಮೋರೆಯೆಲ್ಲಾ ಮಸಿಯಾಗಿ ಒಂದು ಕಲ್ಲಿನ ಮೇಲೆ ಕೂತಿದ್ದನು. ಆ ಮನೆಯ ಮುದುಕಿಯು ಒಂದು ತಂಬಿಗೆ ನೀರನ್ನು ತಂದಳು. ಅವನು ಹಳೆಯ ವಾಡಿಕೆಯಂತೆ ಎರಡು ಕೈಗಳನ್ನು ಬೊಗಸೆ ಮಾಡಿ ಬಾಯಿಗೆ ಹಿಡಿದನು. ಅವಳು ಎತ್ತಿ ಹೊಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ತಂಬಿಗೆಯನ್ನೇ ಅವನ ಕೈಗೆ ಕೊಟ್ಟಳು. ಅವನು ಕುಡಿದನು. ಯಾರೂ ಏನೂ ಮಾತಾಡಲಿಲ್ಲ.

ಅಂದಿನಿಂದ ಆ ಊರು ಮಾರ್ಪಟ್ಟಿತೆಂದು ನಾನು ಹೇಳುವದಿಲ್ಲ. ಮುಂದಿನ ವಾರ ಹೋದಾಗ ಚಹದ ಅಂಗಡಿಯಲ್ಲಿ ಎಲ್ಲವೂ ಮೊದಲಿನಂತೆಯೇ ಇತ್ತು. ಬೆಂಕಿಯನ್ನು ಆರಿಸಿದವರಿಗೆ ಊರು ಋಣಿಯಾಗುವದೆಂದು ಎಣಿಸಿ ಹೋಗತಕ್ಕದ್ದಲ್ಲ; ಹಾಗೆ ಎಣಿಸಿದರೆ ಅದು ಸೇವೆಯಲ್ಲ, ವ್ಯಾಪಾರ. ಆದರೆ ಆ ತಂಬಿಗೆಯನ್ನು ನಾನು ಕಣ್ಣಾರೆ ಕಂಡೆನು. ತುಂಬಿದ ಕೊಡವನ್ನು ಹಿಡಿದುಕೊಂಡು ದೂರ ನಿಂತಿದ್ದವನಿಗೆ ಆ ನೀರಿನಲ್ಲಿ ಪಾಲಿರಲಿಲ್ಲವೆಂಬದನ್ನೂ ಕಂಡೆನು.

ಬಾವಿಯ ಬಳಿಯಲ್ಲಿ ನಮ್ಮ ಹಿರಿಯರು ಕಾದು ನಿಂತದ್ದು ಸುಳ್ಳಲ್ಲ. ಅದನ್ನು ಮರೆಯಿರೆಂದು ನಾನು ಹೇಳಲಾರೆನು. ಆದರೆ ನೀರಿಗಾಗಿ ಕಾಯುವದು ಎಷ್ಟು ಕಷ್ಟವೆಂಬದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಾದರೆ ಉರಿಯುವ ಮನೆಯ ಮುಂದೆ ನೀರಿಗಾಗಿ ಕೂಗುವವನನ್ನು ನಾವು ಕಾಯಿಸಬಹುದೋ? ಯಾರ ಬಣವೆ ಎಂದು ಬೆಂಕಿಯು ಕೇಳುವದಿಲ್ಲ. ಬೆಂಕಿಯೇ ಕೇಳದ ಪ್ರಶ್ನೆಯನ್ನು ನೀರು ಹೊತ್ತವನು ಕೇಳಬಾರದು.

ಈ ಬೇಸಿಗೆಯು ಬರುವದಕ್ಕೆ ಮುಂಚೆ ಒಂದೊಂದು ಸಭೆಯಿಂದ ಒಬ್ಬಿಬ್ಬರಾದರೂ ಎದ್ದು ಹೋಗಿ ಹೆಸರು ಕೊಡಲಿ, ಕಲಿತು ಬರಲಿ, ಕಲಿತದ್ದನ್ನು ಕೇರಿಗೂ ಊರಿಗೂ ಕಲಿಸಲಿ. ಕರ್ತನೇ, ಕೊಂಬಿನ ಧ್ವನಿಯನ್ನು ಕೇಳುವ ಕಿವಿಯನ್ನು ನಮಗೆ ಕೊಡು. ಹೆಸರನ್ನು ಕೇಳಿ ನಿಲ್ಲದ ಕಾಲುಗಳನ್ನು ಕೊಡು. ಹೋದವರನ್ನು ಬಾಗಲಲ್ಲಿ ಕಾಯುವವರ ಬಳಿಗೆ ಸುಖವಾಗಿ ತಿರಿಗಿ ಕರೆತಾ. ಆಮೆನ್.